ಅಣಬೆಯಜ್ಜಿ ಮರಿಯಾ ಸಬೀನಾ

ಗೆಳೆಯರೆ, 2017ರ ಜುಲೈಯಲ್ಲಿ ನಮ್ಮ ಹೈದರಾಬಾದಿನ ಪೇಪರುಗಳ ತುಂಬ ಒಂದೇ ಸುದ್ದಿ. ಅಬಕಾರಿ ಇಲಾಖೆಯವರು ಎಲ್‌ಎಸ್‌ಡಿ ಮಾರುವ ಜಾಲವೊಂದನ್ನು ಹಿಡಿದರು. ಕೊಂಡವರಲ್ಲಿ ಶಾಲೆ-ಕಾಲೇಜಿನ ಹುಡುಗರೂ ಇದ್ದಾರೆ ಅಂತಾಯಿತು. ಸಿನಿಮಾದವರನ್ನು ಒಬ್ಬೊಬ್ಬರಾಗಿ ವಿಚಾರಣೆಗೆ ಕರೆದರು. ಆ ಎಲ್‌ಎಸ್‌ಡಿಯನ್ನು 1938ರಲ್ಲಿ ಮೊದಲು ತಯಾರಿಸಿದವನು ಆಲ್ಬರ್ಟ್ ಹಾಫ್‌ಮನ್ ಎಂಬ ಸ್ವಿಸ್ ರಸಾಯನಶಾಸ್ತ್ರಜ್ಞ. ಅದೇ ಹಾಫ್‌ಮನ್ 1958ರಲ್ಲಿ ಮೆಕ್ಸಿಕೋದ ಒಂದು ಜಾತಿಯ ಅಣಬೆಯಿಂದ ಸೈಲೊಸೈಬಿನ್ ಎಂಬ ಸತ್ವವನ್ನು ಬೇರ್ಪಡಿಸಿದ. ಅವನ ಹೆಸರು ಪುಸ್ತಕಗಳಲ್ಲಿ ಭದ್ರವಾಗಿದೆ. ಆದರೆ ಆ ಅಣಬೆ ಪ್ರಯೋಗಶಾಲೆಗೆ ಬರುವ ಮುಂಚೆ ಯಾರ ಕೈಯಲ್ಲಿತ್ತು, ಅವರ ಗತಿ ಏನಾಯಿತು? ಅದನ್ನು ತಿಳಿಯಬೇಕಾದರೆ ಒಬ್ಬ ಬಡ ಮುದುಕಿಯ ಕತೆ ಕೇಳಬೇಕು.

ಮರಿಯಾ ಸಬೀನಾ ಹುಟ್ಟಿದ್ದು 1894ರಲ್ಲಿ, ದಕ್ಷಿಣ ಮೆಕ್ಸಿಕೋದ ವಾಹಾಕಾ ರಾಜ್ಯದ ವಾವುತ್ಲ ಎಂಬ ಬೆಟ್ಟದೂರಿನಲ್ಲಿ. ಮಸಾಟೆಕ್ ಎಂಬ ಮೂಲನಿವಾಸಿ ಜನ ಅವರು. ಅವಳಿಗೆ ಬರುತ್ತಿದ್ದದ್ದು ಆ ಭಾಷೆ ಒಂದೇ. ಆಳುವವರ ಭಾಷೆ ಸ್ಪ್ಯಾನಿಷ್ ಬಾರದು, ಓದು-ಬರಹವಂತೂ ಇಲ್ಲವೇ ಇಲ್ಲ. ಅವಳು ಕೂಸಾಗಿದ್ದಾಗಲೇ ಅಪ್ಪ ತೀರಿಕೊಂಡ. ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಳು. ಅಪ್ಪನ ಕಡೆಯ ಅಜ್ಜ, ಮುತ್ತಜ್ಜ ಇಬ್ಬರೂ ಅಣಬೆ ತಿಂದು ರೋಗ ನೋಡುವವರು. ನಮ್ಮ ಹಳ್ಳಿಗಳಲ್ಲಿ ಕಣಿ ಕೇಳಿ ಔಷಧ ಕೊಡುವವರಿರುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಮರಿಯಾ ಮತ್ತು ಅವಳ ತಂಗಿ ಮೇಕೆ ಕಾಯಲು ಬೆಟ್ಟಕ್ಕೆ ಹೋಗುತ್ತಿದ್ದರು. ಹಸಿವಾದಾಗ ಕೈಗೆ ಸಿಕ್ಕ ಅಣಬೆ ತಿಂದರು. ಹೊಟ್ಟೆಗೂ ಆಯಿತು, ಕಣ್ಣೆದುರು ಬೇರೊಂದು ಲೋಕವೂ ತೆರೆಯಿತು.

ಹದಿಹರೆಯದಲ್ಲೇ ಮದುವೆ, ಮೂರು ಮಕ್ಕಳು, ಬೇಗನೆ ವೈಧವ್ಯ. ಎರಡನೆಯ ಗಂಡ ಕುಡುಕ, ಬಡಿಯುವವನು. ಅವನೂ ಕೊಲೆಯಾಗಿ ಹೋದ. ಹೆತ್ತ ಮಕ್ಕಳಲ್ಲಿ ಹಲವರು ಚಿಕ್ಕಂದಿನಲ್ಲೇ ಸತ್ತರು. ಗಂಡನಿದ್ದಷ್ಟು ಕಾಲ ಅವಳು ಅಣಬೆ ಮುಟ್ಟಲಿಲ್ಲ. ಅದಕ್ಕೆ ಕಟ್ಟುನಿಟ್ಟಾದ ಮಡಿ: ಮುಂಚೆ ನಾಕು ದಿನ, ಆಮೇಲೆ ನಾಕು ದಿನ ಸಂಸಾರ ಕೂಡದು. ಹೀಗೆ ಅವಳ ವಿದ್ಯೆಗೆ ದಾರಿ ಬಿಟ್ಟುಕೊಟ್ಟಿದ್ದು ವೈಧವ್ಯ. ತಂಗಿ ಮರಿಯಾ ಆನಾ ಹಾಸಿಗೆ ಹಿಡಿದಳು; ಬೇರೆ ವೈದ್ಯರ ಕೈಲಿ ಆಗಲಿಲ್ಲ. ಒಂದು ರಾತ್ರಿ ಇವಳು ಎಂದೂ ತಿನ್ನದಷ್ಟು ಅಣಬೆ ತಿಂದು ತಂಗಿಯ ಪಕ್ಕ ಕೂತಳು. ಆಗ ಕೆಲವರು ಹಿರಿಯರು ಕಾಣಿಸಿಕೊಂಡು ಮೇಜಿನ ಮೇಲೊಂದು ಪುಸ್ತಕ ತೆರೆದಿಟ್ಟರಂತೆ. ಅಕ್ಷರ ಬಾರದವಳು ಅದನ್ನು ಓದಿದಳು. ತಂಗಿ ಗುಣವಾದಳು. ಅಂದಿನಿಂದ ಊರವರು ಇವಳ ಬಾಗಿಲಿಗೆ ಬರತೊಡಗಿದರು.

ನಾವು ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಅವಳು ಮಾಡುತ್ತಿದ್ದದ್ದು ಜಾಗರಣೆ. ರಾತ್ರಿ ಮೇಣದಬತ್ತಿ ಆರಿಸಿ, ಕತ್ತಲಲ್ಲಿ ಬೆಳಗಿನವರೆಗೆ ಹಾಡು. ತಾನು ಎಂಥ ಹೆಂಗಸು, ಯಾವ ಯಾವ ಶಕ್ತಿಯವಳು ಎಂದು ಒಂದೊಂದೇ ಸಾಲಾಗಿ ಹೇಳಿಕೊಂಡು ಹೋಗುತ್ತಾಳೆ. ಸಾಲು ಸಾಲಿನ ಕೊನೆಗೆ ಒಂದು ಪುಟ್ಟ ಮಸಾಟೆಕ್ ಪದ ಬರುತ್ತದೆ. ಅದರ ಅರ್ಥ, ಹೀಗೆ ಹೇಳುತ್ತದೆ ಎಂದು. ಹೇಳುವುದು ತಾನಲ್ಲ, ಅಣಬೆ. ವಚನದ ಅಂಕಿತ ನೆನಪಾಗುತ್ತದೆ, ಆದರೆ ಇಲ್ಲಿ ಅಂಕಿತ ಪ್ರತಿ ಸಾಲಿಗೂ. ಅಣಬೆಯನ್ನು ಅವಳು ಅಣಬೆ ಎನ್ನುತ್ತಿರಲಿಲ್ಲ, ಪವಿತ್ರ ಮಕ್ಕಳು ಎನ್ನುತ್ತಿದ್ದಳು. ಇಷ್ಟಾಗಿ ಅವಳು ಇಗರ್ಜಿಗೆ ತಪ್ಪದೆ ಹೋಗುವ ಕ್ರೈಸ್ತಳು! ಎರಡರ ನಡುವೆ ಜಗಳವಿದೆ ಅಂತ ಅವಳಿಗೆ ಅನ್ನಿಸಿರಲೇ ಇಲ್ಲ.

1955ರ ಜೂನ್ 29ರ ರಾತ್ರಿ ಈ ಬಾಳು ತಿರುಗಿತು. ಗಾರ್ಡನ್ ವಾಸನ್ ಎಂಬ ನ್ಯೂಯಾರ್ಕಿನ ಬ್ಯಾಂಕಿನ ದೊಡ್ಡ ಅಧಿಕಾರಿ, ಅಣಬೆಯ ಹುಚ್ಚಿನವನು, ಫೋಟೋ ತೆಗೆಯುವ ಗೆಳೆಯನೊಬ್ಬನನ್ನು ಕರಕೊಂಡು ಬಂದ. ಊರಿನ ಅಧಿಕಾರಿಯೊಬ್ಬ ಮಧ್ಯೆ ನಿಂತು ಹೇಳಿದ್ದಕ್ಕೆ ಅವಳು ಒಪ್ಪಿದಳು. ಅಣಬೆ ಎಣಿಸುವುದು ಜೋಡಿ ಲೆಕ್ಕದಲ್ಲಿ. ವಾಸನ್ನನಿಗೆ ಆರು ಜೋಡಿ, ತನಗೆ ಹದಿಮೂರು. ಅಲ್ಲಿಯವರೆಗೆ ಅವಳ ಬಳಿ ಬರುತ್ತಿದ್ದವರು ರೋಗಿಗಳು. ಕಾಯಿಲೆ-ಕಸಾಲೆ ಇಲ್ಲದೆ ಸುಮ್ಮನೆ ದೇವರನ್ನು ನೋಡಲು ಬಂದವರಲ್ಲಿ ಈ ಬಿಳಿಯರೇ ಮೊದಲು ಎಂದು ಅವಳು ಆಮೇಲೆ ಹೇಳಿಕೊಂಡಿದ್ದಾಳೆ. ಫೋಟೋಗಳನ್ನು ಕಂಡಕಂಡವರಿಗೆ ತೋರಿಸಬೇಡಿ ಅಂತಲೂ ಕೇಳಿಕೊಂಡಿದ್ದಳು.

1957ರ ಮೇ 13ರ ಲೈಫ್ ಪತ್ರಿಕೆಯಲ್ಲಿ ವಾಸನ್ನನ ಲೇಖನ ಚಿತ್ರಗಳ ಸಮೇತ ಅಚ್ಚಾಯಿತು. ಅವಳ ಹೆಸರು ಬದಲಿಸಿದ್ದ, ನಿಜ; ಆ ಮರೆ ಎಷ್ಟು ದಿನ ನಿಂತೀತು? ಮಾಯಾ ಅಣಬೆ ಎಂಬ ಮಾತು ಲೋಕಕ್ಕೆ ಹಬ್ಬಿದ್ದು ಆ ತಲೆಬರಹದಿಂದ. ಅದನ್ನು ಕೊಟ್ಟದ್ದು ಸಂಪಾದಕರು, ವಾಸನ್ ಅಲ್ಲ. 1956ರ ಪ್ರಯಾಣದಲ್ಲಿ ಅವನ ಜೊತೆ ಬಂದಿದ್ದ ಒಬ್ಬ ರಸಾಯನಶಾಸ್ತ್ರಜ್ಞ ಗುಟ್ಟಾಗಿ ಅಮೆರಿಕದ ಸಿಐಎ ಕಡೆಯವನು ಎಂಬುದು ಬಹಳ ವರ್ಷದ ಮೇಲೆ ಬಯಲಾಯಿತು. ಇನ್ನು ಹಾಫ್‌ಮನ್. ಅವನ ಸ್ಯಾಂಡೋಜ್ ಕಂಪನಿ ಸತ್ವವನ್ನು ಗುಳಿಗೆ ಮಾಡಿ ಇಂಡೋಸೈಬಿನ್ ಎಂದು ಹೆಸರಿಟ್ಟಿತು. 1962ರಲ್ಲಿ ಹಾಫ್‌ಮನ್ ತಾನೇ ವಾವುತ್ಲಕ್ಕೆ ಬಂದು ಗುಳಿಗೆಗಳನ್ನು ಅವಳ ಕೈಗಿಟ್ಟ. ಜಾಗರಣೆ ಮುಗಿದ ಮೇಲೆ ಅವಳು ಗುಳಿಗೆಯಲ್ಲೂ ಅದೇ ಶಕ್ತಿಯಿದೆ, ಇನ್ನು ಅಣಬೆ ಸಿಗದ ಕಾಲದಲ್ಲೂ ರೋಗಿಗಳನ್ನು ನೋಡಬಹುದು ಎಂದು ಸಂತೋಷಪಟ್ಟಳು. ಕಂಪನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ? ಅವಳಿಗೆ ಬೇಕಾಗಿದ್ದದ್ದು ಮಾತ್ರ ಮದ್ದು.

ಆಮೇಲೆ ಜನ ಬಂದರು. ಅಮೆರಿಕ, ಯೂರೋಪಿನಿಂದ ಉದ್ದಕೂದಲಿನ ಹುಡುಗ-ಹುಡುಗಿಯರು, ಹಿಂಡುಹಿಂಡಾಗಿ. ಹಗಲಿರುಳೆನ್ನದೆ, ಮಡಿಯಿಲ್ಲದೆ, ಕಂಡಲ್ಲಿ ತಿಂದರು, ಬೀದಿಯಲ್ಲಿ ಓಡಾಡಿದರು. ಊರಲ್ಲಿ ಅಣಬೆ ಸಂತೆಯ ಸರಕಾಯಿತು. ಊರವರ ಸಿಟ್ಟು ತಿರುಗಿದ್ದು ಇವಳ ಮೇಲೆ. ಯಾರೋ ಅವಳ ಹುಲ್ಲಿನ ಮನೆಗೆ ಬೆಂಕಿ ಹಚ್ಚಿದರು. ಒಳಗಿದ್ದ ಸಾಮಾನೆಲ್ಲ ಬೂದಿಯಾಯಿತು. ಒಬ್ಬ ಮಗನನ್ನು ಕೊಂದರು. ಪೊಲೀಸರು ಬಂದು ಮನೆ ಶೋಧಿಸಿ ಅವಳನ್ನು ಕರೆದೊಯ್ದರು, ಆಮೇಲೆ ಬಿಟ್ಟರು. 1969ರ ಹೊತ್ತಿಗೆ ಊರಿಗೆ ಬರುವ ದಾರಿಯಲ್ಲೇ ಸರ್ಕಾರ ಪಹರೆ ಹಾಕಿ ಪರದೇಶಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಬ್ಯಾಂಕಿನವನ ಮನೆಗೆ ಪೊಲೀಸರು ಹೋದದ್ದನ್ನು ನಾನು ಎಲ್ಲೂ ಓದಿಲ್ಲ!

ಅಷ್ಟರಲ್ಲಿ ಕಾನೂನು ಎಲ್ಲ ಕಡೆ ಎದ್ದು ನಿಂತಿತ್ತು. 1970ರಲ್ಲಿ ಅಮೆರಿಕ ಸೈಲೊಸೈಬಿನ್ನನ್ನು ಅತಿ ಕಠಿಣ ಪಟ್ಟಿಗೆ ಸೇರಿಸಿತು. 1971ರಲ್ಲಿ ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಒಪ್ಪಂದವಾಯಿತು. ಅದರ ಮೊದಲ ಪಟ್ಟಿಯಲ್ಲೂ ಅದೇ ಹೆಸರು. ಆ ಒಪ್ಪಂದದ 32ನೆಯ ವಿಧಿಯಲ್ಲಿ ಒಂದು ಕಿಂಡಿ ಇದೆ: ಕಾಡಿನಲ್ಲಿ ತಾನಾಗಿ ಬೆಳೆಯುವ ಇಂಥ ಸಸ್ಯಗಳನ್ನು ಸಣ್ಣ ಗುಂಪಿನ ಜನ ಹಿಂದಿನಿಂದ ಪೂಜೆ-ಮಂತ್ರಕ್ಕೆ ಬಳಸುತ್ತಿದ್ದರೆ, ಆ ದೇಶ ಅದನ್ನು ಬಿಟ್ಟುಕೊಡಿ ಎಂದು ಕೇಳಬಹುದು. ಮೆಕ್ಸಿಕೋ ಕೇಳಿ ಪಡೆಯಿತು. ಆದರೆ ಕಿಂಡಿಯಿಂದ ಅಂಗಡಿ ದಾಟಲಾರದು ತಾನೆ? ಆಮ್‌ಸ್ಟರ್‌ಡಾಂನಲ್ಲಿ ಬಹಿರಂಗವಾಗಿ ಮಾರುತ್ತಿದ್ದ ಅಣಬೆಯನ್ನು ನೆದರ್ಲೆಂಡ್ಸ್ 2008ರಲ್ಲಿ ನಿಷೇಧಿಸಿತು. ನೆಲದೊಳಗಿನ ಗಡ್ಡೆ ಪಟ್ಟಿಯಲ್ಲಿ ಇರಲಿಲ್ಲವೆಂದು ಅಂಗಡಿಯವರು ಅದನ್ನು ಮಾರತೊಡಗಿದರು. ಕೆನಡಾದ ವ್ಯಾಂಕೂವರಿನಲ್ಲಿ ಕಾನೂನು ಬೇಡವೆಂದರೂ ಬೋರ್ಡು ಹಾಕಿ ಅಣಬೆ ಅಂಗಡಿ ನಡೆಸುವವರಿದ್ದರು. 2023ರ ನವೆಂಬರಿನಲ್ಲಿ ಪೊಲೀಸರು ದಾಳಿ ಮಾಡಿದರು.

ನಮ್ಮಲ್ಲಿ? ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿ ಎಲ್‌ಎಸ್‌ಡಿ ಇದೆ, ಸೈಲೊಸೈಬಿನ್ ಇದೆ. ಎಲ್‌ಎಸ್‌ಡಿ ಬರೀ 0.1 ಗ್ರಾಂ ಮೀರಿದರೂ ವ್ಯಾಪಾರದ ಪ್ರಮಾಣ ಎಂದು ಲೆಕ್ಕ, ಶಿಕ್ಷೆ ಕಡಿಮೆಯೆಂದರೆ ಹತ್ತು ವರ್ಷ. ಗಮನಿಸಿ ಗೆಳೆಯರೆ, ಹೈದರಾಬಾದಿನ ಹಾಸ್ಟೆಲಿನಲ್ಲಿ ಕೂತವರು ಮೊದಲು ತಿಳಿದುಕೊಳ್ಳಬೇಕಾದ ಅಂಕಿ ಇದು. ಹಾಗೆಂದು ಕಾಯ್ದೆ ಎಲ್ಲದಕ್ಕೂ ಒಂದೇ ಮುಖ ತೋರಿಸುವುದಿಲ್ಲ. ಗಾಂಜಾ ಗಿಡದ ಹೂ-ತುದಿ ಅಪರಾಧ, ಬರೀ ಎಲೆ ಅದರ ವ್ಯಾಖ್ಯೆಯ ಹೊರಗೆ. ಹೋಳಿಯ ಭಂಗಿ ಬದುಕಿದ್ದು ಹಾಗೆ. ಒಂದು ಕಾಲಕ್ಕೆ ನಿಜಾಮನ ರಾಜ್ಯದಲ್ಲಿದ್ದ ಸುರಪುರ ಸೀಮೆಯ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಗೆ ಬಂದವರು ಗಾಂಜಾವನ್ನು ಪ್ರಸಾದವೆಂದು ತೆಗೆದುಕೊಳ್ಳುತ್ತಾರೆಂದು 2020ರಲ್ಲಿ ಪತ್ರಿಕೆಗಳು ಬರೆದವು. ಅವರಿಗೂ ಮರಿಯಾಳಿಗೂ ಏನು ದೂರ? 2025ರ ಜನವರಿಯಲ್ಲಿ ಕೇರಳ ಹೈಕೋರ್ಟು ಒಬ್ಬನಿಗೆ ಜಾಮೀನು ಕೊಡುತ್ತ, ಅಣಬೆ ತಾನಾಗಿ ಹುಟ್ಟುವ ಶಿಲೀಂಧ್ರ, ಅದನ್ನು ಮಿಶ್ರಣವೆಂದು ಇಡಿಯಾಗಿ ತೂಗಲಾಗದು, ಒಳಗಿನ ಸೈಲೊಸೈಬಿನ್ ಎಷ್ಟೆಂದು ನೋಡಬೇಕು ಎಂದಿತು. ಅಣಬೆ ನಿರಪರಾಧಿ ಎಂದು ಇದಕ್ಕೆ ಅರ್ಥವಲ್ಲ. ತಕ್ಕಡಿಯಲ್ಲಿ ಏನು ಇಡಬೇಕು ಎಂಬುದಷ್ಟೆ.

ಕೊನೆಗಾಲದಲ್ಲಿ ಮರಿಯಾ ಸಬೀನಾ ಆಲ್ವಾರೋ ಎಸ್ತ್ರಾದಾ ಎಂಬ ತನ್ನೂರಿನ ಮಸಾಟೆಕ್ ಲೇಖಕನಿಗೆ ಬಾಳಿನ ಕತೆ ಹೇಳಿದಳು, 1977ರಲ್ಲಿ ಪುಸ್ತಕವಾಯಿತು. ಪರದೇಶಿಗಳು ಬಂದ ಮೇಲೆ ಪವಿತ್ರ ಮಕ್ಕಳ ಬಲ ಕುಂದಿತು, ಅವರು ಮಾತಾಡುವುದಿಲ್ಲ ಎಂಬ ಕೊರಗು ಅದರಲ್ಲಿದೆ. ವಾಸನ್ನನ ಮೇಲೆ ಹಗೆಯಿಲ್ಲ. ಊರಿನ ಅಧಿಕಾರಿ ಹೇಳಿದಾಗ ಒಲ್ಲೆ ಎನ್ನಲಾರದೆ ಹೋದೆ ಎಂಬ ಧಾಟಿ. ಅವಳ ಚಿತ್ರ ಅಂಗಿಗಳ ಮೇಲೆ ಅಚ್ಚಾಗುವ ಕಾಲಕ್ಕೂ ಅವಳ ಬಡತನ ತೀರಲಿಲ್ಲ. 1985ರ ನವೆಂಬರ್ 22ರಂದು ವಾಹಾಕಾ ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡಳು. ನಮ್ಮ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂದದ್ದು ಅದಕ್ಕೆ ಎಂಟು ದಿನ ಮುಂಚೆ, ನವೆಂಬರ್ 14ಕ್ಕೆ.

1958ರ ಜುಲೈಯಲ್ಲಿ ವಾಸನ್ ಅವಳ ಒಂದು ಇಡೀ ರಾತ್ರಿಯ ಜಾಗರಣೆಯನ್ನು ಟೇಪು ಮಾಡಿದ್ದ. ಮಾತು, ಅರ್ಥ, ರಾಗ ಸಮೇತ ಅದು 1974ರಲ್ಲಿ ಪುಸ್ತಕವಾಗಿ ಬಂತು. ಅಂದು ಎದುರಿಗಿದ್ದವನು ಹದಿನೇಳರ ರೋಗಿ ಹುಡುಗ. ಅವನು ಉಳಿಯಲಾರ ಎಂದು ಆ ರಾತ್ರಿಯೇ ಅವಳಿಗೆ ತಿಳಿಯಿತು. ಆದರೂ ಅವಳು ಬೆಳಗಿನವರೆಗೆ ಹಾಡಿದಳು. ಕೆಲವು ವಾರಗಳಲ್ಲಿ ಹುಡುಗ ಸತ್ತ.