ಮೆಚ್ನಿಕಾಫನೂ ಕರುಳಿನ ಜೀವಿಗಳೂ

ಮಜ್ಜಿಗೆಯಿಲ್ಲದೆ ಬೇಸಗೆಯನ್ನು ಕಳೆಯಲರಿಯದ ನಮ್ಮ ಬಳ್ಳಾರಿ ಸೀಮೆಯವರಿಗೆ ಇಲ್ಯಾ ಮೆಚ್ನಿಕಾಫನ ಹೆಸರು ಪ್ರಿಯವಾಗಬೇಕು. ಹುಳಿಹಾಲು ಆಯುಷ್ಯವನ್ನು ಹೆಚ್ಚಿಸುವುದೆಂದು ಯೂರೋಪಿಗೆ ಸಾರಿದವನು ಆತನು. ಆದರೆ ಆತನ ನಿಜವಾದ ಹಿರಿಮೆ ಇರುವುದು ಅದರಲ್ಲಲ್ಲ, ಕೊಳದ ನೀರಿನ ಒಂದು ಕಿರುಜೀವಿಯ ಒಡಲಿನಲ್ಲಿ.

1845ರಲ್ಲಿ ಖಾರ್ಕೋವ್ ಪ್ರಾಂತದ ಹಳ್ಳಿಯೊಂದರಲ್ಲಿ ಹುಟ್ಟಿದ ಮೆಚ್ನಿಕಾಫನು ಎಳೆಯ ವಯಸ್ಸಿನಲ್ಲೇ ಒಡೆಸ್ಸಾದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾದನು. ಬಾಳು ಸುಖದ್ದಾಗಿರಲಿಲ್ಲ. 1873ರಲ್ಲಿ ಮೊದಲ ಮಡದಿ ಲುದ್ಮಿಲಾ ಕ್ಷಯದಿಂದ ತೀರಿಕೊಂಡಾಗ ತಾನೂ ಸಾಯಹೊರಟು ಹೇಗೋ ಉಳಿದನು. 1882ರಲ್ಲಿ ಒಡೆಸ್ಸಾದ ಹುದ್ದೆಯನ್ನು ಬಿಟ್ಟು ಸಿಸಿಲಿಯ ಮೆಸ್ಸೀನಾ ಪಟ್ಟಣವನ್ನು ಸೇರಿದನು. ಅಲ್ಲಿ ನಕ್ಷತ್ರಮೀನಿನ ಮರಿಯೊಳಕ್ಕೆ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟು ಮರುದಿನ ನೋಡಿದರೆ, ಅಲೆದಾಡುವ ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು.

ಆದರೆ ಮುಳ್ಳು ರೋಗವಲ್ಲವಷ್ಟೆ. ನಿಜವಾದ ರೋಗವೊಂದು ಬೇಕಾಗಿತ್ತು. ಅದು ಡ್ಯಾಫ್ನಿಯಾ ಎಂಬ ನೀರುಚಿಗಟದಲ್ಲಿ ದೊರೆಯಿತು. ಗಾಜಿನಂತೆ ಪಾರದರ್ಶಕವಾದ ಆ ಪ್ರಾಣಿಯು ಆಹಾರದೊಡನೆ ಯೀಸ್ಟ್ ಜಾತಿಯ ಒಂದು ಶಿಲೀಂಧ್ರದ ಸೂಜಿಮೊನೆಯ ಬೀಜಕಗಳನ್ನು ನುಂಗುತ್ತದೆ. ಅವು ಕರುಳಿನ ಗೋಡೆಯನ್ನು ತೂರಿ ಒಡಲಿಗಿಳಿಯುತ್ತವೆ. ಒಡನೆಯೇ ರಕ್ತಕಣಗಳು ಅವನ್ನು ಸುತ್ತುವರಿದು ನುಂಗಿ ಕರಗಿಸುತ್ತವೆ. ಕಣಗಳು ಗೆದ್ದರೆ ಚಿಗಟ ಬದುಕುತ್ತದೆ. ಸೋತರೆ ಶಿಲೀಂಧ್ರವು ಮೊಗ್ಗೊಡೆದು ಒಡಲೆಲ್ಲ ತುಂಬಿ ಅದನ್ನು ಕೊಲ್ಲುತ್ತದೆ. 1884ರಲ್ಲಿ ಪ್ರಕಟವಾದ ಈ ಲೇಖನದಿಂದ ಭಕ್ಷಕಕಣಗಳ ಸಿದ್ಧಾಂತಕ್ಕೆ ಗಟ್ಟಿಯಾದ ಆಧಾರ ದೊರೆಯಿತು. ರಕ್ತದ ದ್ರವವೇ ರಕ್ಷಕವೆನ್ನುತ್ತಿದ್ದ ಜರ್ಮನ್ ಪಂಡಿತರು ಸುಲಭವಾಗಿ ಒಪ್ಪಲಿಲ್ಲ. 1888ರಿಂದ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿದ್ದುಕೊಂಡು ಆತನು ವರ್ಷಗಟ್ಟಲೆ ವಾದಿಸಿದನು. 1908ರ ನೊಬೆಲ್ ಬಹುಮಾನವನ್ನು ಎದುರು ಪಕ್ಷದ ಪಾಲ್ ಎರ್ಲಿಕನೊಡನೆ ಹಂಚಿಕೊಂಡನು.

ಮುಪ್ಪಿನಲ್ಲಿ ಆತನ ದೃಷ್ಟಿ ಮತ್ತೆ ಕರುಳಿಗೆ ತಿರುಗಿತು, ಈ ಸಲ ವೈರದಿಂದ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಆಹಾರವನ್ನು ಕೊಳೆಸಿ, ಆ ವಿಷದಿಂದ ಮುಪ್ಪನ್ನು ತರುತ್ತವೆ. ಹುಳಿಹಾಲಿನ ಬ್ಯಾಕ್ಟೀರಿಯಾ ಅವನ್ನು ಅಡಗಿಸುತ್ತದೆ ಎಂಬುದು ಆತನ ಮತ. ತಾನೂ ತಪ್ಪದೆ ಅದನ್ನು ಕುಡಿಯುತ್ತಿದ್ದನು. ಇಂಥದೇ ನಂಬಿಕೆಯಿಂದ ಲಂಡನ್ನಿನ ಶಸ್ತ್ರವೈದ್ಯ ಆರ್ಬತ್ನಾಟ್ ಲೇನನು ರೋಗಿಗಳ ದೊಡ್ಡ ಕರುಳನ್ನೇ ಕೊಯ್ದು ತೆಗೆದನೆಂದರೆ ಊಹೆಯ ಬೆಲೆ ಎಷ್ಟೆಂಬುದು ತಿಳಿದೀತು. 1916ರ ಜುಲೈಯಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಮೆಚ್ನಿಕಾಫನು ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಕರುಳು, ಶಿಲೀಂಧ್ರ, ರಕ್ಷಕಕಣ ಮೂರನ್ನೂ ಒಂದೇ ಚಿಗಟದಲ್ಲಿ ನೋಡಿದ್ದವನು, ಕರುಳಿನ ನಿವಾಸಿಗಳಿಂದಲೂ ರಕ್ಷಣೆಯುಂಟೆಂಬುದನ್ನು ಕಾಣದೆ ಹೋದನು.

ಆ ನಂಟು ಈಗ ತಿಳಿಯುತ್ತಿದೆ. ಕ್ಯಾಂಡಿಡಾ ಎಂಬ ಶಿಲೀಂಧ್ರವು ಎಷ್ಟೋ ಮಂದಿ ಆರೋಗ್ಯವಂತರ ಕರುಳಿನಲ್ಲಿಯೂ ಸುಮ್ಮನಿರುತ್ತದೆ. ಆಂಟಿಬಯಾಟಿಕ್ ಔಷಧಿಗಳಿಂದ ನೆರೆಯ ಬ್ಯಾಕ್ಟೀರಿಯಾಗಳು ಅಳಿದರೆ ತಲೆಯೆತ್ತುತ್ತದೆ. ಜಾಗ ತೆರವಾಗುವುದೊಂದೇ ಇದಕ್ಕೆ ಕಾರಣವಲ್ಲ. ಬ್ಯಾಕ್ಟೀರಾಯ್ಡಿಸ್ ಜಾತಿಯ ಬ್ಯಾಕ್ಟೀರಿಯಾಗಳು ಕರುಳಿನ ಒಳಪದರವನ್ನು ಪ್ರಚೋದಿಸಿ, ಕ್ಯಾಂಡಿಡಾವನ್ನು ಕೊಲ್ಲುವ ಒಂದು ಕಿರಿಯ ಪ್ರೋಟೀನನ್ನು ಸ್ರವಿಸುವಂತೆ ಮಾಡುತ್ತವೆಂದು 2015ರಲ್ಲಿ ಇಲಿಗಳ ಮೇಲಣ ಪ್ರಯೋಗಗಳು ತೋರಿಸಿದವು. ಅದಕ್ಕೂ ಎರಡು ವರ್ಷ ಮೊದಲು ಇನ್ನೊಂದು ಸಂಗತಿ ಹೊರಬಿದ್ದಿತ್ತು. ಟ್ರಿಪ್ಟೊಫಾನನ್ನು ಒಡೆದು ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ತಯಾರಿಸುವ ವಸ್ತುವಿನಿಂದ ಇಲಿಯ ದೇಹದಲ್ಲಿ ಇಂಟರ್‌ಲ್ಯೂಕಿನ್-22 ಎಂಬ ರಕ್ಷಕದ್ರವ್ಯ ಹೆಚ್ಚಿ, ಕ್ಯಾಂಡಿಡಾ ಬೇರೂರಲಾರದೆ ಹೋಗುತ್ತದೆ. ಈ ಲ್ಯಾಕ್ಟೊಬ್ಯಾಸಿಲಸ್ಸುಗಳು ಮೆಚ್ನಿಕಾಫನು ಮೆಚ್ಚಿದ ಹುಳಿಹಾಲಿನ ಬ್ಯಾಕ್ಟೀರಿಯಾದ ಬಂಧುಗಳೇ.