ಥಾಮಸ್ ಮನ್ರೋ ಮತ್ತು ಹಳ್ಳಿಯ ನ್ಯಾಯ



ಆಗಸ್ಟ್ ತಿಂಗಳ ಎರಡನೆಯ ಭಾನುವಾರ ಭಾರತದ ಧರ್ಮಸಭೆ ಸೆರೆಮನೆಯಲ್ಲಿರುವವರಿಗಾಗಿ ವಿಶೇಷವಾಗಿ ಪ್ರಾರ್ಥಿಸುತ್ತದೆ. ಅದರ ನೆನಪಿನಲ್ಲಿ ಈ ಸಲ ಸಂತರೊಬ್ಬರ ಚರಿತ್ರೆಯ ಬದಲು, ನಮ್ಮ ಸೀಮೆಯ ಪೊಲೀಸು ಮತ್ತು ನ್ಯಾಯ ವ್ಯವಸ್ಥೆಗೆ ರೂಪ ಕೊಟ್ಟ ಅಧಿಕಾರಿಯೊಬ್ಬರ ಜೀವನವನ್ನು ನೋಡೋಣ. ಅವರು ಕಥೋಲಿಕರಲ್ಲ, ಸ್ಕಾಟ್ಲೆಂಡಿನ ಪ್ರೊಟೆಸ್ಟೆಂಟರು. ಆದರೂ ಅವರ ಬದುಕಿನಲ್ಲಿ ನಮಗೆ ಪಾಠವಿದೆ, ಎಚ್ಚರಿಕೆಯೂ ಇದೆ.

ಥಾಮಸ್ ಮನ್ರೋ 1761ರ ಮೇ 27ರಂದು ಗ್ಲಾಸ್ಗೋ ನಗರದಲ್ಲಿ ಹುಟ್ಟಿದರು. ತಂದೆ ವ್ಯಾಪಾರಿ. ಅಮೆರಿಕದ ಯುದ್ಧದಿಂದ ವ್ಯಾಪಾರ ಮುಳುಗಿ ಮನೆ ಬಡವಾಯಿತು. ಮಗ ಕಂಪನಿಯ ಸೈನ್ಯಕ್ಕೆ ಸೇರಿ 1780ರಲ್ಲಿ ಮದರಾಸಿಗೆ ಬಂದರು. ಹೈದರ್ ಮತ್ತು ಟಿಪ್ಪುವಿನ ಮೇಲಿನ ಯುದ್ಧಗಳಲ್ಲಿ ದುಡಿದು, ಮುಂದೆ ಬಾರಾಮಹಲ್ ಮತ್ತು ಕೆನರಾದಲ್ಲಿ ಕಂದಾಯದ ಕೆಲಸ ಮಾಡಿದರು.

1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟರು. ಇದೇ ದತ್ತ ಮಂಡಲ. ರಾಯದುರ್ಗವೂ ನಮ್ಮ ಗುಡಿಬಂಡೆ ಇರುವ ಮಡಕಶಿರಾ ಸೀಮೆಯೂ ಇದರೊಳಗೆ ಸೇರಿದವು. ಮನ್ರೋ ಇಲ್ಲಿನ ಪ್ರಧಾನ ಕಲೆಕ್ಟರರಾಗಿ ಬಂದಾಗ ಸುಮಾರು 80 ಪಾಳೆಯಗಾರರು ತಂತಮ್ಮ ಆಳುಗಳನ್ನು ಕಟ್ಟಿಕೊಂಡು ಹಳ್ಳಿಗಳನ್ನು ಸುಲಿಯುತ್ತಿದ್ದರು. ಮನ್ರೋ ಸೈನ್ಯದ ಬಲದಿಂದ ಅವರನ್ನು ಅಡಗಿಸಿದರು. ಈ ಕಾಠಿಣ್ಯವನ್ನು ಲಂಡನ್ನಿನ ನಿರ್ದೇಶಕರೇ ಆಕ್ಷೇಪಿಸಿದರು. ಆದರೆ ರೈತರ ಕಷ್ಟ ಕೇಳುವುದರಲ್ಲಿ ಅವರು ಬೇರೆಯೇ ಮನುಷ್ಯ. ಡೇರೆ ಹಾಕಿಕೊಂಡು ಊರೂರು ಸುತ್ತಿ, ಹೊಲ ನೋಡಿ, ರೈತರ ಜೊತೆ ನೇರವಾಗಿ ಮಾತಾಡಿದರು. 1807ರಲ್ಲಿ ಅವರು ಸ್ವದೇಶಕ್ಕೆ ಹೊರಟ ಮೇಲೂ ಜನ ಅವರನ್ನು ಮರೆಯಲಿಲ್ಲ. ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುವ ರೂಢಿಯೂ ಈ ಸೀಮೆಯಲ್ಲಿ ಬಂತು.

ಇತ್ತ 1802ರಿಂದ ಮದರಾಸು ಪ್ರಾಂತದಲ್ಲಿ ಬಂಗಾಳದ ಮಾದರಿಯ ಜಿಲ್ಲಾ ನ್ಯಾಯಾಲಯಗಳೂ ದರೋಗರೆಂಬ ಪೊಲೀಸ್ ಅಧಿಕಾರಿಗಳೂ ಬಂದಿದ್ದರು. ಕಳ್ಳತನವಾದರೆ ದೂರು ಕೊಟ್ಟವನೂ ಸಾಕ್ಷಿಗಳೂ ಹೊಲ ಬಿಟ್ಟು ದೂರದ ನ್ಯಾಯಾಲಯಕ್ಕೆ ನಡೆಯಬೇಕಿತ್ತು. ಅದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದೇ ಮೇಲೆಂದು ಬಡವ ಸುಮ್ಮನಾಗುತ್ತಿದ್ದ. ಊರನ್ನು ಬಲ್ಲ ತಳವಾರನಿಗೆ ಬೆಲೆಯಿರಲಿಲ್ಲ.

1814ರಲ್ಲಿ ಮನ್ರೋ ನ್ಯಾಯಸುಧಾರಣೆಯ ಆಯೋಗದ ಮುಖ್ಯಸ್ಥರಾಗಿ ಮರಳಿದರು. 1816ರ ಕಾಯಿದೆಗಳು ಅದರ ಫಲ. ದರೋಗರು ಹೋದರು. ಹಳ್ಳಿಯ ಮುಖಂಡನಿಗೆ ಸಣ್ಣ ತಪ್ಪುಗಳನ್ನು ವಿಚಾರಿಸುವ ಅಧಿಕಾರ ಬಂತು. 10 ರೂಪಾಯಿವರೆಗಿನ ವ್ಯಾಜ್ಯವನ್ನು ಅವನೇ ತೀರ್ಮಾನಿಸಬಹುದಾಯಿತು. ದೊಡ್ಡ ಅಪರಾಧಗಳಾದರೆ ತಹಸೀಲ್ದಾರರ ಬಳಿಗೆ, ಅವರ ಮೇಲೆ ಕಲೆಕ್ಟರರು. ನ್ಯಾಯ ಹಳ್ಳಿಯ ಚಾವಡಿಗೆ ಬಂತು.

ಬಂದದ್ದು ಎಂಥ ನ್ಯಾಯ? ಅದೇ 1816ರ ಪೊಲೀಸ್ ಕಾಯಿದೆಯಲ್ಲಿ, ಸಣ್ಣ ತಪ್ಪು ಮಾಡಿದವನನ್ನು ಚಾವಡಿಯಲ್ಲಿ 12 ಗಂಟೆಯವರೆಗೆ ಕೂಡಿಹಾಕಬಹುದೆಂದಿತ್ತು. ತಪ್ಪು ಮಾಡಿದವನು ಕೆಳಜಾತಿಯವನಾದರೆ, ಕಾಲುಗಳನ್ನು ಮರದ ಕೋಳಕ್ಕೆ ಸಿಕ್ಕಿಸಿ 6 ಗಂಟೆಯವರೆಗೆ ಕೂರಿಸಬಹುದಿತ್ತು. ತಪ್ಪು ಒಂದೇ, ಶಿಕ್ಷೆ ಮಾತ್ರ ಜಾತಿ ನೋಡಿ! ಈ ನಿಯಮ 20ನೆಯ ಶತಮಾನದ ಆರಂಭದವರೆಗೂ ಪುಸ್ತಕದಲ್ಲಿ ಉಳಿಯಿತು. ಕಂದಾಯ ವಸೂಲಿ ಮಾಡುವ ಕೈಗೇ ಪೊಲೀಸು ಅಧಿಕಾರವೂ ಸಿಕ್ಕಿದ್ದರಿಂದ ಹೊಡೆತ ಬಡಿತ ಬೆಳೆಯಿತು. 1855ರ ಮದರಾಸು ಚಿತ್ರಹಿಂಸೆ ವಿಚಾರಣಾ ಆಯೋಗ ಇದನ್ನು ಬಯಲಿಗೆಳೆದ ಮೇಲೆ, 1859ರ ಕಾಯಿದೆಯಿಂದ ಪೊಲೀಸು ಇಲಾಖೆ ಬೇರೆಯಾಯಿತು.

ಇದನ್ನೆಲ್ಲ ನೋಡಲು ಮನ್ರೋ ಉಳಿದಿರಲಿಲ್ಲ. 1820ರಲ್ಲಿ ಮದರಾಸಿನ ಗವರ್ನರರಾದ ಅವರು, ಊರಿಗೆ ಮರಳುವ ಮುನ್ನ ತಮ್ಮ ಹಳೆಯ ಸೀಮೆಯನ್ನು ಕಡೆಯ ಸಲ ನೋಡಲು ಬಂದರು. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ತಗುಲಿ ತೀರಿಕೊಂಡರು. ಗುತ್ತಿಯಲ್ಲಿ ಮಣ್ಣು ಮಾಡಿದ್ದ ದೇಹದ ಅವಶೇಷಗಳನ್ನು 1831ರಲ್ಲಿ ಮದರಾಸು ಕೋಟೆಯ ಸಂತ ಮೇರಿ ದೇವಾಲಯಕ್ಕೆ ಒಯ್ದರು.

ಪ್ರೇಷಿತರ ಕಾರ್ಯಕಲಾಪಗಳ 16ನೆಯ ಅಧ್ಯಾಯದಲ್ಲಿ ಸಂತ ಪೌಲ ಮತ್ತು ಸೀಲರ ಕಾಲುಗಳನ್ನೂ ಕೋಳಕ್ಕೆ ಹಾಕಿದ್ದನ್ನು ಓದುತ್ತೇವೆ. ಆ ರಾತ್ರಿಯೇ ಅವರ ಗಾಯ ತೊಳೆದವನು ಸೆರೆಮನೆಯ ಅಧಿಕಾರಿ. ಮನ್ರೋ ನ್ಯಾಯವನ್ನು ಹತ್ತಿರ ತಂದರು, ಆದರೆ ಚಾವಡಿಯಲ್ಲಿ ಎಲ್ಲರನ್ನೂ ಸಮನಾಗಿ ಕೂರಿಸಲಿಲ್ಲ. ಇಂದು ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ, ಅದಕ್ಕೆ ಜಾತಿಯಿಲ್ಲ. ಆದರೂ ಜಾಮೀನು ಕೊಡುವವರಿಲ್ಲದೆ ಒಳಗೇ ಕೊಳೆಯುವ ಬಡವರಿದ್ದಾರೆ. ಅವರ ಮನೆಯವರು ನಮ್ಮ ಬೀದಿಯಲ್ಲೇ ಇರಬಹುದು. ಅವರ ಬಾಗಿಲು ತಟ್ಟೋಣ. ಸೆರೆಯಲ್ಲಿದ್ದವನನ್ನು ನೋಡಲು ಹೋದವರು ತನ್ನನ್ನೇ ನೋಡಲು ಬಂದವರೆಂದು ಪ್ರಭು ಯೇಸು ಎಣಿಸುತ್ತಾರೆ.