ಸತ್ಯೇಂದ್ರನಾಥ ಠಾಕೂರ: ಲಂಡನ್ನಿನ ಪರೀಕ್ಷೆಯಿಂದ ಕಾರವಾರದ ನ್ಯಾಯಪೀಠದವರೆಗೆ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿರುವುದು ಕನ್ನಡ ಓದುಗರಿಗೆ ತಿಳಿದ ಸಂಗತಿ. ಇಪ್ಪತ್ತೆರಡರ ಪ್ರಾಯದ ಕವಿ 1883ರಲ್ಲಿ ಅಲ್ಲಿ ತಂಗಿದ್ದು, ಕಾಳೀ ನದಿಯಲ್ಲಿ ದೋಣಿ ವಿಹಾರ ಮಾಡಿದ್ದು, ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದದ್ದು ಇವೆಲ್ಲ ಮತ್ತೆ ಮತ್ತೆ ಉಲ್ಲೇಖಗೊಂಡಿವೆ. ಆದರೆ ಕವಿಗೆ ಅಲ್ಲಿ ಮನೆಯೊಂದು ದೊರೆತದ್ದು ಹೇಗೆ ಎಂಬ ಪ್ರಶ್ನೆಯನ್ನು ಈ ಉಲ್ಲೇಖಗಳು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು ಎಂಬುದೇ ಆ ವಾಕ್ಯ. ಬಂಗಾಳದ ಒಬ್ಬ ಬ್ರಾಹ್ಮಸಮಾಜಿ ಮುಂಬಯಿ ಪ್ರಾಂತ್ಯದ ದಕ್ಷಿಣದ ಅಂಚಿನಲ್ಲಿ ನ್ಯಾಯಪೀಠವನ್ನೇರಿದ್ದರ ಹಿಂದೆ ಇಪ್ಪತ್ತು ವರ್ಷಗಳ ಹಿಂದಿನ ಒಂದು ಪರೀಕ್ಷೆಯ ಕತೆಯಿದೆ. ವಸಾಹತು ಕಾಲದ ಅಧಿಕಾರ ಮತ್ತು ವಿದ್ಯೆಗಳ ಸಂಬಂಧವನ್ನು ಅರಿಯಲು ಆ ಕತೆ ತಮ್ಮನ ನಾಟಕದಷ್ಟೇ ಮುಖ್ಯವಾದುದು.

ಸತ್ಯೇಂದ್ರನಾಥರು 1842ರ ಜೂನ್ 1ರಂದು ಕಲಕತ್ತೆಯ ಜೋಡಾಸಾಂಕೊ ಮನೆಯಲ್ಲಿ ದೇವೇಂದ್ರನಾಥ ಠಾಕೂರರ ಎರಡನೆಯ ಮಗನಾಗಿ ಜನಿಸಿದರು. ಅದೇ ವರ್ಷ ಅವರ ಅಜ್ಜ, ದೊಡ್ಡ ವ್ಯಾಪಾರಿಯಾಗಿದ್ದ ದ್ವಾರಕಾನಾಥರು, ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋಗಿದ್ದರು. ಎರಡನೆಯ ಪ್ರಯಾಣದಿಂದ ಅವರು ಮರಳಲಿಲ್ಲ. 1846ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡರು. ಹೀಗಾಗಿ ಸಮುದ್ರಯಾನವು ಆ ಮನೆಗೆ ಹೊಸತಾಗಿರಲಿಲ್ಲ, ಅದರ ಬೆಲೆಯೂ ಅಪರಿಚಿತವಾಗಿರಲಿಲ್ಲ. ಹಿಂದೂ ಶಾಲೆ ಮತ್ತು ಪ್ರೆಸಿಡೆನ್ಸಿ ಕಾಲೇಜುಗಳಲ್ಲಿ ಓದಿದ ಸತ್ಯೇಂದ್ರನಾಥರು, ಕಲಕತ್ತೆ ವಿಶ್ವವಿದ್ಯಾಲಯವು 1857ರಲ್ಲಿ ಮೊದಲ ಬಾರಿಗೆ ನಡೆಸಿದ ಪ್ರವೇಶ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. 1859ರಲ್ಲಿ, ಇನ್ನೂ ಬಾಲಕಿಯಾಗಿದ್ದ ಜ್ಞಾನದಾನಂದಿನಿಯೊಡನೆ ಅವರ ವಿವಾಹವಾಯಿತು. ಅದೇ ವರ್ಷ ತಂದೆ ಮತ್ತು ಕೇಶವಚಂದ್ರ ಸೇನರೊಡನೆ ಸಿಂಹಳಕ್ಕೆ ಹೋಗಿಬಂದರು.

ಇಂಗ್ಲೆಂಡಿಗೆ ಹೋಗಿ ಸಿವಿಲ್ ಸರ್ವಿಸ್ ಪರೀಕ್ಷೆಗೆ ಕುಳಿತುಕೊಳ್ಳುವ ಆಲೋಚನೆ ಗೆಳೆಯ ಮನಮೋಹನ ಘೋಷರ ಸಹವಾಸದಲ್ಲಿ ಬೆಳೆಯಿತು. ಆ ಪರೀಕ್ಷೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. 1853ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಉನ್ನತ ಹುದ್ದೆಗಳು ನಿರ್ದೇಶಕರ ಶಿಫಾರಸಿನಿಂದ ದೊರೆಯುತ್ತಿದ್ದವು. ಹೀಗೆ ಆಯ್ಕೆಯಾದ ತರುಣರು ಹೈಲಿಬರಿ ಕಾಲೇಜಿನಲ್ಲಿ ತರಬೇತಿ ಪಡೆದು ಭಾರತಕ್ಕೆ ಬರುತ್ತಿದ್ದರು. 1853ರ ಸನ್ನದು ಕಾಯಿದೆ ಇದನ್ನು ಕೊನೆಗಾಣಿಸಿ ಮುಕ್ತ ಸ್ಪರ್ಧೆಯನ್ನು ತಂದಿತು. ಮರುವರ್ಷ ಮೆಕಾಲೆಯ ನೇತೃತ್ವದ ಸಮಿತಿ ಅದರ ವಿಷಯಗಳನ್ನೂ ಅಂಕಗಳನ್ನೂ ನಿಗದಿಪಡಿಸಿತು. 1855ರಲ್ಲಿ ಮೊದಲ ಪರೀಕ್ಷೆ ನಡೆಯಿತು. 1858ರ ರಾಣಿಯ ಘೋಷಣೆಯೂ ಜಾತಿ ಜನಾಂಗಗಳ ಭೇದವಿಲ್ಲದೆ ಹುದ್ದೆಗಳನ್ನು ನೀಡುವ ಭರವಸೆ ಕೊಟ್ಟಿತು. ಕಾಗದದ ಮೇಲೆ ಬಾಗಿಲು ತೆರೆದಿತ್ತು.

ಸಮಿತಿಯು ಸೂಚಿಸಿದ ಒಟ್ಟು ಅಂಕಗಳು 6875. ಇದರಲ್ಲಿ ಇಂಗ್ಲಿಷ್ ಭಾಷೆ, ಸಾಹಿತ್ಯ ಮತ್ತು ಚರಿತ್ರೆಗೆ 1500, ಗಣಿತಕ್ಕೆ 1000, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಗೆ ತಲಾ 750. ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗಳಿಗೆ ತಲಾ 375. ಪ್ರಕೃತಿ ವಿಜ್ಞಾನ ಮತ್ತು ನೀತಿಶಾಸ್ತ್ರಗಳಿಗೆ ತಲಾ 500. ಸಂಸ್ಕೃತ ಮತ್ತು ಅರಬ್ಬಿಗೆ ತಲಾ 375. ಯಾವ ವಿಷಯವೂ ಕಡ್ಡಾಯವಾಗಿರಲಿಲ್ಲ. ಅಭ್ಯರ್ಥಿ ತನಗೆ ಬೇಕಾದುದನ್ನು ಆರಿಸಿಕೊಳ್ಳಬಹುದಿತ್ತು. ಆದರೆ ಈ ಸ್ವಾತಂತ್ರ್ಯವು ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪಠ್ಯಕ್ರಮದ ಅಳತೆಗೆ ಹೊಲಿದದ್ದು. ಅಲ್ಲಿನ ಪದವೀಧರನಿಗೆ ಬಾಲ್ಯದಿಂದ ರೂಢಿಯಾದ ಎರಡು ಪ್ರಾಚೀನ ಭಾಷೆಗಳೇ 1500 ಅಂಕಗಳನ್ನು ಕೊಡುತ್ತಿದ್ದವು. ಭಾರತದಿಂದ ಬಂದವನಿಗೆ ಸ್ವಂತ ನೆಲವೆಂಬುದಿದ್ದರೆ ಅದು ಸಂಸ್ಕೃತ ಮತ್ತು ಅರಬ್ಬಿ ಮಾತ್ರ. ಎರಡೂ ಸೇರಿ ಅದರ ಅರ್ಧ. ಭಾರತವನ್ನು ಆಳಬೇಕಾದವನು ಭಾರತದ ಯಾವ ದೇಶಭಾಷೆಯನ್ನೂ ತಿಳಿಯದೆ ಆಯ್ಕೆಯಾಗಬಹುದಿತ್ತು, ಹೋಮರನನ್ನು ತಿಳಿಯದಿದ್ದರೆ ಕಷ್ಟವಿತ್ತು. ದೇಶಭಾಷೆ ಮತ್ತು ಕಾನೂನುಗಳ ಅಭ್ಯಾಸ ಆಯ್ಕೆಯ ನಂತರದ ಅಭ್ಯರ್ಥಿಕಾಲಕ್ಕೆ ಮೀಸಲು.

ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ ಮಾತ್ರ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಹೋಗುವವರು ಸೂಯೆಜ್‌ನಲ್ಲಿ ಹಡಗಿಳಿದು, ರೈಲಿನಲ್ಲಿ ಈಜಿಪ್ಟನ್ನು ದಾಟಿ, ಮತ್ತೆ ಹಡಗೇರುವುದು ರೂಢಿ. ವೆಚ್ಚವನ್ನು ಭರಿಸಬಲ್ಲ ಮನೆಗಳು ಕೆಲವೇ. ಜಾತಿಯಿಂದ ಹೊರಹಾಕುವ ಬೆದರಿಕೆಯನ್ನು ಎದುರಿಸಬಲ್ಲ ಮನೆಗಳು ಇನ್ನೂ ಕಡಿಮೆ. ಜೋಡಾಸಾಂಕೊ ಮನೆಗೆ ಎರಡೂ ಸಾಧ್ಯವಾಯಿತು. 1862ರ ಮಾರ್ಚ್‌ನಲ್ಲಿ ಇಬ್ಬರು ಗೆಳೆಯರೂ ಹೊರಟರು. ದಾರಿಯ ಕಾಲವನ್ನು ಕಳೆದರೆ ಸತ್ಯೇಂದ್ರನಾಥರಿಗೆ ಸಿದ್ಧತೆಗೆ ಉಳಿದದ್ದು ಸುಮಾರು ಒಂದು ವರ್ಷ. ಇಂಗ್ಲಿಷ್ ತರುಣನೊಬ್ಬ ಹತ್ತು ಹನ್ನೆರಡು ವರ್ಷಗಳಲ್ಲಿ ಮೈಗೂಡಿಸಿಕೊಂಡ ವಿದ್ಯೆಯೊಡನೆ ಈ ಒಂದು ವರ್ಷದ ಓದು ಸೆಣಸಬೇಕಿತ್ತು.

1863ರ ಜೂನ್‌ನಲ್ಲಿ ಸತ್ಯೇಂದ್ರನಾಥರು ಆಯ್ಕೆಯಾದರು. ಭಾರತೀಯನೊಬ್ಬ ಈ ಸೇವೆಗೆ ಸ್ಪರ್ಧೆಯ ಮೂಲಕ ಪ್ರವೇಶ ಪಡೆದದ್ದು ಇದೇ ಮೊದಲು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಯೂರೋಪಿನಲ್ಲಿದ್ದ ಮೈಕೇಲ್ ಮಧುಸೂದನ ದತ್ತರು ಅವರ ಮೇಲೆ ಒಂದು ಸಾನೆಟ್ ಬರೆದರು. ಅಭ್ಯರ್ಥಿಕಾಲವನ್ನು ಮುಗಿಸಿ 1864ರ ನವೆಂಬರ್‌ನಲ್ಲಿ ಅವರು ಸ್ವದೇಶಕ್ಕೆ ಮರಳಿದರು.

ಮನಮೋಹನ ಘೋಷರ ಕತೆಯನ್ನು ಹೇಳದೆ ಈ ಗೆಲುವಿನ ಅರ್ಥ ಪೂರ್ಣವಾಗದು. ಅದೇ ಹಡಗಿನಲ್ಲಿ ಹೋದ, ಅದೇ ಪರೀಕ್ಷೆಗೆ ಓದಿದ ಘೋಷರು ಎರಡು ಬಾರಿ ಕುಳಿತೂ ಆಯ್ಕೆಯಾಗಲಿಲ್ಲ. 500ಕ್ಕೆ ಏರಿದ್ದ ಸಂಸ್ಕೃತ ಮತ್ತು ಅರಬ್ಬಿಯ ಅಂಕಗಳನ್ನು ಸತ್ಯೇಂದ್ರನಾಥರ ಆಯ್ಕೆಯಾದ ಸ್ವಲ್ಪ ಕಾಲದಲ್ಲೇ ಮರಳಿ 375ಕ್ಕೆ ಇಳಿಸಲಾಯಿತು. ಅಧಿಕಾರಿಗಳು ಕೊಟ್ಟ ಸಮರ್ಥನೆ ಏನೇ ಇರಲಿ, ಭಾರತೀಯರು ಇದರಲ್ಲಿ ಕಂಡದ್ದು ತೆರೆದ ಬಾಗಿಲನ್ನು ಮೆಲ್ಲನೆ ಮುಚ್ಚುವ ಕೈಯನ್ನು. ಆ ಸಂಶಯ ನಿರಾಧಾರವೆನ್ನುವುದು ಕಷ್ಟ. ಬ್ಯಾರಿಸ್ಟರ್ ಆದ ಘೋಷರು ಪರೀಕ್ಷಾ ಪದ್ಧತಿಯ ಅನ್ಯಾಯವನ್ನು ಕುರಿತು 1866ರಲ್ಲಿ ಒಂದು ಪುಸ್ತಿಕೆಯನ್ನೇ ಪ್ರಕಟಿಸಿದರು. ಮುಂದೆ ಕಲಕತ್ತೆಯ ಹೆಸರಾಂತ ವಕೀಲರಾಗಿ ಸಾರ್ವಜನಿಕ ಜೀವನದಲ್ಲಿ ಅವರು ಗಳಿಸಿದ ಸ್ಥಾನ, ಹುದ್ದೆ ಪಡೆದ ಗೆಳೆಯನದಕ್ಕಿಂತ ಕಡಿಮೆಯದಲ್ಲ. ಇತ್ತ ಗರಿಷ್ಠ ವಯೋಮಿತಿ 23ರಿಂದ 22ಕ್ಕೆ, 1866ರ ಹೊತ್ತಿಗೆ 21ಕ್ಕೆ, 1878ರಿಂದ 19ಕ್ಕೆ ಇಳಿಯಿತು. ಸತ್ಯೇಂದ್ರನಾಥರ ನಂತರ ಆರು ವರ್ಷ ಯಾವ ಭಾರತೀಯನೂ ಆಯ್ಕೆಯಾಗಲಿಲ್ಲ. 1869ರಲ್ಲಿ ರಮೇಶಚಂದ್ರ ದತ್ತ, ಬಿಹಾರಿಲಾಲ್ ಗುಪ್ತ, ಸುರೇಂದ್ರನಾಥ ಬ್ಯಾನರ್ಜಿ ಮತ್ತು ಶ್ರೀಪಾದ ಬಾಬಾಜಿ ಠಾಕೂರ್ ಒಟ್ಟಿಗೆ ತೇರ್ಗಡೆಯಾದರು. ಪರೀಕ್ಷೆಯನ್ನು ಭಾರತದಲ್ಲೂ ನಡೆಸಬೇಕೆಂಬ ಬೇಡಿಕೆ ಈಡೇರಿದ್ದು 1922ರಲ್ಲಿ, ಅಲಹಾಬಾದಿನಲ್ಲಿ.

ಸತ್ಯೇಂದ್ರನಾಥರನ್ನು ಮುಂಬಯಿ ಪ್ರಾಂತ್ಯಕ್ಕೆ ನಿಯೋಜಿಸಲಾಯಿತು. ಪತ್ನಿಯನ್ನು ಜೊತೆಗೆ ಕರೆದೊಯ್ಯಬೇಕೆಂಬ ಅವರ ಹಟ ಅಂತಃಪುರದ ಕಟ್ಟಳೆಗೆ ಎದುರಾಯಿತು. ತಂದೆ ಒಪ್ಪಿದರು, ಆದರೆ ಮನೆಯ ಸೊಸೆ ಗಾಡಿಯಲ್ಲಿ ಕುಳಿತು ಹೊರಗೆ ಕಾಣಿಸಿಕೊಳ್ಳುವುದನ್ನು ಮನೆ ಒಪ್ಪಲಿಲ್ಲ. ಜ್ಞಾನದಾನಂದಿನಿ ಮೇನೆಯಲ್ಲಿ ಕುಳಿತು ಹಡಗಿನವರೆಗೆ ಹೋಗಬೇಕಾಯಿತು. ಮುಂಬಯಿಯಲ್ಲಿ ಪಾರ್ಸಿ ಸುಧಾರಕ ಮಾಣೆಕ್‌ಜಿ ಕರ್ಸೆಟ್‌ಜಿಯವರ ಮನೆಯಲ್ಲಿದ್ದಾಗ ಆಕೆ ಅಲ್ಲಿನ ಸ್ತ್ರೀಯರ ಉಡುಗೆಯನ್ನು ಗಮನಿಸಿ, ಹೊರಗೆ ಓಡಾಡಲು ತಕ್ಕಂತೆ ಸೀರೆ ಉಡುವ ಒಂದು ಕ್ರಮವನ್ನು ರೂಢಿಸಿದರು. ಬಂಗಾಳದಲ್ಲಿ ಅದು ಬ್ರಾಹ್ಮಿಕಾ ಸೀರೆಯೆಂದು ಹೆಸರಾಯಿತು. 1877ರಲ್ಲಿ ಮೂವರು ಮಕ್ಕಳೊಡನೆ, ಪತಿಯಿಲ್ಲದೆ, ಆಕೆ ಇಂಗ್ಲೆಂಡಿಗೆ ಹೋದರು. ಪರೀಕ್ಷೆಯನ್ನು ಗೆದ್ದವರು ಸತ್ಯೇಂದ್ರನಾಥರಾದರೂ, ಆ ಗೆಲುವು ತೆರೆದ ದಾರಿಯಲ್ಲಿ ಹೆಚ್ಚು ದೂರ ನಡೆದವರು ಜ್ಞಾನದಾನಂದಿನಿಯೇ ಇರಬೇಕು.

ಅಹಮದಾಬಾದಿನಿಂದ ಮೊದಲಾದ ಸೇವೆ ಅವರನ್ನು ಪ್ರಾಂತ್ಯದ ಹಲವು ಊರುಗಳಿಗೆ ಒಯ್ದಿತು. ಗುಜರಾತಿ, ಮರಾಠಿಗಳನ್ನು ಕಲಿತರು. ತುಕಾರಾಮರ ಅಭಂಗಗಳನ್ನು ಬಂಗಾಳಿಗೆ ತಂದರು. 1873ರಲ್ಲಿ ಮಗಳು ಇಂದಿರಾ ಹುಟ್ಟಿದ್ದು ಬಿಜಾಪುರದ ಭಾಗದಲ್ಲಿ. ರವೀಂದ್ರನಾಥರ ‘ಛಿನ್ನಪತ್ರಾವಳಿ’ಯ ಪತ್ರಗಳು ಬರೆಯಲ್ಪಟ್ಟದ್ದು ಈಕೆಗೇ ಎಂಬುದನ್ನು ಇಲ್ಲಿ ನೆನೆಯಬಹುದು. 1878ರಲ್ಲಿ ರವೀಂದ್ರನಾಥರು ಇಂಗ್ಲೆಂಡಿಗೆ ಹೊರಡುವ ಮುನ್ನ ಅಹಮದಾಬಾದಿನ ಶಾಹಿಬಾಗ್ ಅರಮನೆಯಲ್ಲಿ ಅಣ್ಣನೊಡನೆ ತಂಗಿದ್ದರು. ಬ್ಯಾರಿಸ್ಟರ್ ಆಗಲೆಂದು ಹೋದ ತಮ್ಮ ಯಾವ ಪದವಿಯೂ ಇಲ್ಲದೆ ಮರಳಿದ್ದು ಪ್ರಸಿದ್ಧವೇ.

ಕಾರವಾರದ ಕಾಲ ಬೇರೊಂದು ಕಾರಣಕ್ಕೂ ಗಮನಾರ್ಹ. ಉತ್ತರ ಕನ್ನಡವು 1862ರಲ್ಲಿ, ಎಂದರೆ ಸತ್ಯೇಂದ್ರನಾಥರು ಹಡಗೇರಿದ ವರ್ಷವೇ, ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅವರು ಅಲ್ಲಿ ನ್ಯಾಯಾಧೀಶರಾಗಿದ್ದಾಗಲೇ, 1883ರ ಫೆಬ್ರವರಿಯಲ್ಲಿ, ಇಲ್ಬರ್ಟ್ ಮಸೂದೆ ಮಂಡನೆಯಾಯಿತು. 1872ರ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ ಪ್ರಾಂತೀಯ ರಾಜಧಾನಿಗಳ ಹೊರಗೆ ಯೂರೋಪಿಯನ್ ಬ್ರಿಟಿಷ್ ಆರೋಪಿಯನ್ನು ವಿಚಾರಿಸುವ ಅಧಿಕಾರ ಭಾರತೀಯ ನ್ಯಾಯಾಧೀಶನಿಗಿರಲಿಲ್ಲ. ಅದೇ ಸೇವೆಯಲ್ಲಿದ್ದ ಬಿಹಾರಿಲಾಲ್ ಗುಪ್ತರು 1882ರಲ್ಲಿ ಇದನ್ನು ಪ್ರಶ್ನಿಸಿ ಟಿಪ್ಪಣಿಯೊಂದನ್ನು ಸಲ್ಲಿಸಿದ್ದರು. ಲಂಡನ್ನಿನಲ್ಲಿ ಇಂಗ್ಲಿಷರೊಡನೆ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆದು ಗೆದ್ದವನು, ಕಾರವಾರದಲ್ಲಿ ತನ್ನ ಮುಂದೆ ನಿಂತ ಇಂಗ್ಲಿಷ್ ಆರೋಪಿಯ ಮಟ್ಟಿಗೆ ನ್ಯಾಯಾಧೀಶನೇ ಅಲ್ಲ. ಪರೀಕ್ಷೆ ಒಪ್ಪಿಕೊಂಡ ಸಮಾನತೆಯನ್ನು ಕಾನೂನು ನಿರಾಕರಿಸಿತ್ತು. ಯೂರೋಪಿಯನ್ನರ ಉಗ್ರ ಪ್ರತಿಭಟನೆಯ ನಂತರ 1884ರ ಜನವರಿಯಲ್ಲಿ ಕಾಯಿದೆಯಾದಾಗ, ಅರ್ಧದಷ್ಟಾದರೂ ಯೂರೋಪಿಯನ್ನರಿರುವ ಜ್ಯೂರಿಯನ್ನು ಕೇಳುವ ಹಕ್ಕನ್ನು ಆರೋಪಿಗೆ ಕೊಡಲಾಯಿತು. ತಮ್ಮನು ಬರೆದ, ಲೋಕವನ್ನು ತ್ಯಜಿಸಲೆತ್ನಿಸಿ ಸೋಲುವ ಸನ್ಯಾಸಿಯ ನಾಟಕವೂ ಈ ವಿವಾದದ ಗದ್ದಲವೂ ಒಂದೇ ವರ್ಷದವು ಎಂಬುದನ್ನು ಸಾಹಿತ್ಯ ಚರಿತ್ರೆಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಮೂರು ದಶಕಗಳ ಸೇವೆಯ ನಂತರ 1897ರಲ್ಲಿ ಸಾತಾರಾದಿಂದ ನಿವೃತ್ತರಾದಾಗಲೂ ಸತ್ಯೇಂದ್ರನಾಥರು ಜಿಲ್ಲಾ ನ್ಯಾಯಾಧೀಶರೇ. ಹಿಂದೂ ಮೇಳಕ್ಕಾಗಿ 1868ರಲ್ಲೇ ದೇಶಭಕ್ತಿಗೀತೆ ರಚಿಸಿದ್ದ ಅವರು ಸರ್ಕಾರದ ಉದ್ಯೋಗ ಮತ್ತು ಸ್ವದೇಶಾಭಿಮಾನಗಳನ್ನು ಪರಸ್ಪರ ವಿರುದ್ಧವೆಂದು ಎಣಿಸಿದಂತೆ ಕಾಣುವುದಿಲ್ಲ. ಅದೇ 1897ರಲ್ಲಿ ನಾಟೋರಿನಲ್ಲಿ ಸೇರಿದ ಬಂಗಾಳ ಪ್ರಾಂತೀಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅಲ್ಲಿ ಕಲಾಪಗಳು ಬಂಗಾಳಿಯಲ್ಲಿ ನಡೆಯಬೇಕೆಂದು ರವೀಂದ್ರನಾಥರೂ ಅವರ ಜೊತೆಯ ತರುಣರೂ ಪಟ್ಟು ಹಿಡಿದರು. ಜೂನ್ 12ರ ಮಹಾಭೂಕಂಪ ಸಭೆಯನ್ನು ಚದುರಿಸಿತು. ನಿವೃತ್ತ ಜೀವನದಲ್ಲಿ ಬೌದ್ಧಧರ್ಮವನ್ನು ಕುರಿತ ಗ್ರಂಥ, ಭಗವದ್ಗೀತೆ ಮತ್ತು ಮೇಘದೂತಗಳ ಬಂಗಾಳಿ ಅನುವಾದ, ಬಾಲ್ಯ ಹಾಗೂ ಮುಂಬಯಿ ವಾಸದ ನೆನಪುಗಳ ಪುಸ್ತಕ ಹೊರಬಂದವು. ತಂದೆಯ ಆತ್ಮಚರಿತ್ರೆಯನ್ನು ಮಗಳು ಇಂದಿರಾದೇವಿಯವರೊಡಗೂಡಿ ಇಂಗ್ಲಿಷಿಗೆ ಅನುವಾದಿಸಿದರು. 1923ರ ಜನವರಿ 9ರಂದು ಅವರು ನಿಧನರಾದರು.